ಮನೆಮಂದಿಗೆಲ್ಲ ಒಂದೇ ಡೈರಿ: ಒಳ್ಳೆ ಮಾತಿನ ಕಾರ್ಡು, ಡೈರಿ ಇರುವ ಬಾಕ್ಸ್ ಬಳಸಿದ ಮೇಲೆ

ಮನೆಯವರೆಲ್ಲ ಸೇರಿ ಬಳಸಲಿ ಎಂದು ಮಾಡಿದ ಒಂದು ಬಾಕ್ಸ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಒಳಗೆ 40 ಕಾರ್ಡು, 144 ಪುಟದ ಒಂದು ಡೈರಿ, ಒಂದು ಹಾಳೆ ಸ್ಟಿಕ್ಕರ್, ಹೇಗೆ ಬಳಸಬೇಕು ಅಂತ ತಿಳಿಸುವ ಒಂದು ಮಡಿಕೆ ಹಾಳೆ. ಬೆಳಿಗ್ಗೆ ಒಂದು ಕಾರ್ಡು ತೆಗೆದು ಅದರಲ್ಲಿರುವ ಒಳ್ಳೆ ಮಾತನ್ನು ಜೋರಾಗಿ ಹೇಳಿಕೊಳ್ಳಬೇಕು. ರಾತ್ರಿ ಡೈರಿ ಬರೆಯಬೇಕು. ಹೀಗೆ ಮಾಡಿದರೆ ಮನೆಯಲ್ಲಿ ಒಬ್ಬರ ಮೇಲೊಬ್ಬರಿಗೆ ಅಕ್ಕರೆ ಬೆಳೆಯುತ್ತದೆ ಅನ್ನುವುದು ಮಾಡಿದವರ ಮಾತು. ಬೆಲೆ 899 ರೂಪಾಯಿ. ಇಂಥ ಬಾಕ್ಸ್ ಮಾಡುವವರು ಈಗ ಸುಮಾರು ಜನ ಇದ್ದಾರೆ, ಎಲ್ಲರದ್ದೂ ಹೆಚ್ಚುಕಡಿಮೆ ಇದೇ ಅಚ್ಚು. ಹಾಗಾಗಿ ನಾನು ತಂದ ಬಾಕ್ಸಿನ ಹೆಸರು ಇಲ್ಲಿ ಬೇಡ. ಯಾವುದನ್ನು ತರುವವರಿಗೂ ಈ ಮಾತುಗಳು ಉಪಯೋಗಕ್ಕೆ ಬರುತ್ತವೆ.

ಮೊದಲೇ ಹೇಳಿಬಿಡುತ್ತೇನೆ. ಡೈರಿಯಲ್ಲಿ ವಾರಕ್ಕೊಮ್ಮೆ ಬರುವ ಒಂದು ಪುಟ ಇದೆ. ಆ ಪುಟ ನಮ್ಮ ಮನೆಗೆ ನಿಜವಾಗಲೂ ಒಳ್ಳೆಯದು ಮಾಡಿದೆ. ಕಾರ್ಡುಗಳನ್ನು ಇದ್ದ ಹಾಗೇ ಬಳಸಿದರೆ ಉಪಯೋಗ ಕಡಿಮೆ, ತಿದ್ದಿ ಬರೆದುಕೊಂಡರೆ ಜಾಸ್ತಿ. ಸ್ಟಿಕ್ಕರ್ ಬೇಡವೇ ಬೇಡ.

ನಾನು ಗದಗದ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ವಿಭಾಗ ನೋಡಿಕೊಳ್ಳುತ್ತೇನೆ. ನೋಟ್‌ಬುಕ್, ಕ್ಯಾಲೆಂಡರ್, ಪಂಚಾಂಗ, ಬಿ.ಎಡ್. ಗೈಡು, ಎಲ್ಲ ನಮ್ಮ ಕೈ ದಾಟಿಯೇ ಹೋಗುತ್ತವೆ. ಹಾಳೆ ಜೋಡಿಸುವಾಗ ಕಣ್ಣಿಗೆ ಬಿದ್ದದ್ದನ್ನು ಓದುವ ಚಾಳಿ ನನ್ನದು. ಮನಶ್ಶಾಸ್ತ್ರದ ಸಂಶೋಧನೆಗಳ ಪರಿಚಯ ಆದದ್ದು ಆ ಗೈಡುಗಳಿಂದಲೇ, ಆಮೇಲೆ ಆಸಕ್ತಿ ಹತ್ತಿ ಹುಡುಕಿ ಓದಿದೆ. ಮನೆ ಬೆಟಗೇರಿಯಲ್ಲಿ. ಒಂದೇ ಸೂರಿನಡಿ ಏಳು ಮಂದಿ: ಅವ್ವ, ನಾನು, ನನ್ನ ಹೆಂಡತಿ, ಒಂಬತ್ತನೇ ತರಗತಿಯ ಮಗ, ನಾಲ್ಕನೇ ತರಗತಿಯ ಮಗಳು, ನನ್ನ ತಮ್ಮ, ಅವನ ಹೆಂಡತಿ. ತಮ್ಮ ಟಾಟಾ ಏಸ್ ಓಡಿಸುತ್ತಾನೆ. ನನ್ನ ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ.

ನಮ್ಮದು ಜಗಳದ ಮನೆ ಅಲ್ಲ. ಆದರೆ ಮಾತು ಬರೀ ಕೆಲಸದ ಮಾತಾಗಿತ್ತು. "ಚಾರ್ಜರ್ ಯಾರು ತಗೊಂಡ್ರಿ?" "ಟಿವಿ ಬಂದ್ ಮಾಡು." "ನೀರು ತುಂಬಿಸಿಲ್ಲೇನು?" ಬೆಳಗಿನಿಂದ ರಾತ್ರಿವರೆಗೆ ಇಂಥವೇ. ಒಬ್ಬರು ಮಾಡಿದ ಕೆಲಸ ಇನ್ನೊಬ್ಬರ ಕಣ್ಣಿಗೆ ಬೀಳುತ್ತಿರಲಿಲ್ಲ, ಬಿದ್ದರೂ ಬಾಯಿಗೆ ಬರುತ್ತಿರಲಿಲ್ಲ. ಮಕ್ಕಳೂ ಅದನ್ನೇ ಕಲಿಯುತ್ತಿದ್ದರು. ಬಾಕ್ಸ್ ತಂದದ್ದು ಅದಕ್ಕೇ. ಮಳೆಗಾಲದಲ್ಲಿ ತಂದೆವು, ಈಗ ಯುಗಾದಿ ಕಳೆದಿದೆ.

ಕಾರ್ಡುಗಳ ವಿಷಯ ಮೊದಲು. ನೋಡಲು ಚೆಂದ ಇವೆ. 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಅಳತೆ) ಆರ್ಟ್ ಕಾರ್ಡು, ಮೇಲೆ ಹೊಳಪಿಲ್ಲದ ತೆಳು ಪ್ಲಾಸ್ಟಿಕ್ ಪದರ ಅಂದರೆ ಮ್ಯಾಟ್ ಲ್ಯಾಮಿನೇಷನ್, ಮೂಲೆಗಳನ್ನು ದುಂಡಗೆ ಕತ್ತರಿಸಿದ್ದಾರೆ. ಅಚ್ಚಿನ ನಾಲ್ಕೂ ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂತಿವೆ. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. "ನಾನು ದಯಾಳು." "ನಾನು ಎಲ್ಲರಿಗೂ ಪ್ರೀತಿಪಾತ್ರ." "ನನ್ನ ಮನೆ ನೆಮ್ಮದಿಯ ಮನೆ." ಹೀಗೆ.

ಮಗಳಿಗೆ ಖುಷಿಯೋ ಖುಷಿ. ದಿನಾ ಬೆಳಿಗ್ಗೆ ಎಲ್ಲರ ಮುಂದೆ ಕಾರ್ಡು ಹಿಡಿದು ನಿಲ್ಲುತ್ತಿದ್ದಳು. ಮಗನದ್ದು ಬೇರೆ. ಶಾಲೆಯಲ್ಲಿ ಗೆಳೆಯರ ಜೊತೆ ಮಾತು ಬಿಟ್ಟಿದ್ದ ಸಮಯ ಅದು. "ನಾನು ಎಲ್ಲರಿಗೂ ಪ್ರೀತಿಪಾತ್ರ" ಅನ್ನುವ ಕಾರ್ಡು ಅವನ ಕೈಗೆ ಬಂತು. ಓದಿ, ಮತ್ತೆ ಬಾಕ್ಸಿಗೆ ಹಾಕಿದ. "ಅಪ್ಪಾ, ಇದು ಸುಳ್ಳು ಅನ್ನಿಸ್ತದ" ಅಂದ. ಅವನ ಮುಖ ನೋಡಿ ನಾನು ಒತ್ತಾಯ ಮಾಡಲಿಲ್ಲ.

ಅವನು ಹೇಳಿದ್ದರಲ್ಲಿ ಹುರುಳಿದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೊಆನ್ ವುಡ್ ಮತ್ತು ಜೊತೆಯವರು 2009ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನೇ ಹೇಳುತ್ತದೆ. "ನಾನು ಪ್ರೀತಿಗೆ ಅರ್ಹ" ಅನ್ನುವ ಥರದ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಾಗ, ತಮ್ಮ ಬಗ್ಗೆ ಮೊದಲೇ ಒಳ್ಳೆ ಅಭಿಪ್ರಾಯ ಇದ್ದವರಿಗೆ ಸ್ವಲ್ಪ ಹಿತ ಅನ್ನಿಸಿತು. ತಮ್ಮ ಬಗ್ಗೆ ಕೀಳರಿಮೆ ಇದ್ದವರಲ್ಲಿ, ಹಾಗೆ ಹೇಳಿಕೊಂಡವರಿಗೆ ಹೇಳಿಕೊಳ್ಳದವರಿಗಿಂತ ಬೇಜಾರು ಜಾಸ್ತಿಯಾಯಿತು. ಅಂದರೆ ಯಾರಿಗೆ ಆ ಮಾತು ಹೆಚ್ಚು ಬೇಕೋ ಅವರಿಗೇ ಅದು ಚುಚ್ಚುತ್ತದೆ. ಬಾಕ್ಸಿನ ಮಡಿಕೆ ಹಾಳೆಯಲ್ಲಿ ಈ ಎಚ್ಚರಿಕೆ ಒಂದು ಸಾಲಾದರೂ ಇರಬೇಕಿತ್ತು. ಇಲ್ಲ.

ಹೀಗೆ ತನಗೆ ತಾನೇ ಹೇಳಿಕೊಳ್ಳುವ ಪದ್ಧತಿ ಹೊಸದೇನಲ್ಲ. ಫ್ರಾನ್ಸಿನಲ್ಲಿ ಎಮಿಲ್ ಕುಎ ಎಂಬ ಔಷಧ ಅಂಗಡಿಯವರು ನೂರು ವರ್ಷದ ಹಿಂದೆಯೇ ತಮ್ಮಲ್ಲಿ ಬಂದವರಿಗೆ, ದಿನದಿಂದ ದಿನಕ್ಕೆ ನಾನು ಸುಧಾರಿಸುತ್ತಿದ್ದೇನೆ ಎಂದು ಬೆಳಿಗ್ಗೆ ರಾತ್ರಿ 20 ಸಲ ಹೇಳಿಕೊಳ್ಳಲು ಹೇಳುತ್ತಿದ್ದರು. ಲೆಕ್ಕ ತಪ್ಪಬಾರದು ಅಂತ 20 ಗಂಟು ಹಾಕಿದ ದಾರ ಇಟ್ಟುಕೊಳ್ಳಿ ಅನ್ನುತ್ತಿದ್ದರಂತೆ. ಇದನ್ನು ಅವ್ವನಿಗೆ ಹೇಳಿದೆ. ತನ್ನ ಜಪಮಾಲೆ ತೋರಿಸಿ "ಮತ್ತ ನಾವು ಮಾಡೂದು ಏನು?" ಅಂದಳು. ಅವಳ ಮಟ್ಟಿಗೆ ಕಾರ್ಡಿನ ವಿಷಯ ಅಲ್ಲಿಗೇ ಮುಗಿಯಿತು.

ನಾವು ಕಾರ್ಡು ಬಿಸಾಡಲಿಲ್ಲ. ಮಾತು ಬದಲಾಯಿಸಿದೆವು. ನಾನು ಎಂಥವನು ಅಂತ ಹೇಳುವ ಮಾತು ಬಿಟ್ಟು, ಇಂಥ ಹೊತ್ತಿನಲ್ಲಿ ಇಂಥದ್ದು ಮಾಡುತ್ತೇನೆ ಅನ್ನುವ ಮಾತು ಬರೆದುಕೊಂಡೆವು. ಇದಕ್ಕೂ ಆಧಾರ ಇದೆ. ಪೀಟರ್ ಗೋಲ್ವಿಟ್ಸರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು 1999ರ ಒಂದು ಲೇಖನದಲ್ಲಿ ಇದನ್ನು ವಿವರವಾಗಿ ಹೇಳಿದ್ದಾರೆ. ಸುಮ್ನೆ "ಮಾಡಬೇಕು" ಅಂದುಕೊಳ್ಳುವವರಿಗಿಂತ "ಹೀಗಾದರೆ ಹೀಗೆ ಮಾಡುತ್ತೇನೆ" ಎಂದು ಮೊದಲೇ ಗೊತ್ತು ಮಾಡಿಕೊಂಡವರು ಆ ಕೆಲಸ ಮುಗಿಸುವುದು ಜಾಸ್ತಿ.

ನಮ್ಮ ಮನೆಯ ಕಾರ್ಡುಗಳು ಈಗ ಹೀಗಿವೆ. ನನ್ನದು: "ಪ್ರೆಸ್ಸಿನಿಂದ ಸಿಟ್ಟು ಹೊತ್ತುಕೊಂಡು ಬಂದರೆ ಮೊದಲು ಕೈಕಾಲು ತೊಳೆದು ಚಹಾ ಕುಡಿಯುತ್ತೇನೆ, ಮಾತು ಆಮೇಲೆ." ಹೆಂಡತಿಯದು: "ಗಿರಾಕಿ ತಕರಾರು ತೆಗೆದ ದಿನ ಮಗಳ ಹೋಂವರ್ಕ್‌ಗೆ ಕೂರುವುದಿಲ್ಲ, ಅವಳಪ್ಪನಿಗೆ ಹೇಳುತ್ತೇನೆ." ತಮ್ಮನದು: "ಗಾಡಿ ಲೇಟಾದರೆ ಎಂಟು ಗಂಟೆಯೊಳಗೆ ಫೋನ್ ಮಾಡುತ್ತೇನೆ." ಮಗ ಬರೆದದ್ದು: "ತಂಗಿ ಮಾತಾಡಿಸಿದರೆ ಮೊಬೈಲ್ ಕೆಳಗಿಟ್ಟು ಕೇಳುತ್ತೇನೆ." ಮಗಳು ಅದನ್ನು ನೋಡಿ ತನ್ನ ಕಾರ್ಡಿನಲ್ಲಿ "ಅಣ್ಣ ಓದುವಾಗ ಮಾತಾಡಿಸುವುದಿಲ್ಲ" ಎಂದು ಬರೆದಳು. ಈ ಕಾರ್ಡುಗಳನ್ನು ಯಾರೂ ಜೋರಾಗಿ ಓದುವುದಿಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇವೆ. ತಮ್ಮನ ಫೋನ್ ಬರತೊಡಗಿದ ಮೇಲೆ ಅವ್ವ ರಾತ್ರಿ ಕಟ್ಟೆ ಮೇಲೆ ಕೂತು ಕಾಯುವುದು ನಿಂತಿದೆ. ಇದು ಸಣ್ಣ ವಿಷಯ ಅಲ್ಲ. ಅವಳಿಗೆ ಮೊಣಕಾಲು ನೋವು, ಚಳಿಯಲ್ಲಿ ಕೂತರೆ ಮರುದಿನ ಏಳಲಾಗುತ್ತಿರಲಿಲ್ಲ.

ಇಲ್ಲೊಂದು ತಾಂತ್ರಿಕ ದೋಷ ಹೇಳಲೇಬೇಕು. ಸ್ವಂತ ಮಾತು ಬರೆದುಕೊಳ್ಳಲಿ ಎಂದು 40 ಕಾರ್ಡುಗಳಲ್ಲಿ ಐದನ್ನು ಖಾಲಿ ಬಿಟ್ಟಿದ್ದಾರೆ. ಆಲೋಚನೆ ಒಳ್ಳೆಯದು. ಆದರೆ ಅವಕ್ಕೂ ಎರಡೂ ಬದಿ ಲ್ಯಾಮಿನೇಷನ್ ಮಾಡಿಬಿಟ್ಟಿದ್ದಾರೆ. ಅದರ ಮೇಲೆ ಬಾಲ್ ಪೆನ್ ಹತ್ತುವುದಿಲ್ಲ, ಜೆಲ್ ಪೆನ್ ಶಾಯಿ ಒರೆಸಿಹೋಗುತ್ತದೆ. ಪರ್ಮನೆಂಟ್ ಮಾರ್ಕರ್ ಒಂದೇ ಗತಿ, ಅದರಲ್ಲಿ ಇಷ್ಟುದ್ದ ಮಾತು ಹಿಡಿಸದು. ಬರೆಯುವ ಕಾರ್ಡಿಗೆ ಲ್ಯಾಮಿನೇಷನ್ ಹಾಕಬಾರದು ಅನ್ನುವುದು ಪ್ರೆಸ್ಸಿನ ಹೊಸ ಹುಡುಗನಿಗೂ ಗೊತ್ತಿರುತ್ತದೆ. ನಾನು ಪ್ರೆಸ್ಸಿನಲ್ಲಿ ಉಳಿದ ಐವರಿ ಬೋರ್ಡಿನ (ದಪ್ಪ ಬಿಳಿ ಕಾಗದದ) ತುಂಡುಗಳನ್ನು ಅದೇ ಅಳತೆಗೆ ಕತ್ತರಿಸಿ ತಂದೆ. ನೀವು ಲಗ್ನಪತ್ರಿಕೆಯ ಖಾಲಿ ಬದಿಯನ್ನು ಕತ್ತರಿಸಿಕೊಂಡರೂ ಆದೀತು.

ಈಗ ಡೈರಿ. ಅದರಲ್ಲಿ ದಿನದ ಪುಟ, ವಾರದ ಪುಟ ಅಂತ ಎರಡು ಬಗೆ. ದಿನದ ಪುಟದಲ್ಲಿ ಮೂರು ಪ್ರಶ್ನೆ: ಇವತ್ತು ನನಗೆ ಯಾರು ಒಳ್ಳೆಯದು ಮಾಡಿದರು, ನಾನು ಯಾರಿಗೆ ಮಾಡಿದೆ, ನಾಳೆ ಏನು ಮಾಡುತ್ತೇನೆ. ದುಡಿದು ದಣಿದು ಬಂದವರು ದಿನಾ ರಾತ್ರಿ ಇದನ್ನು ತುಂಬಿಸುವುದು ಆಗದ ಮಾತು. ಮಕ್ಕಳಿಗೆ ಅದು ಇನ್ನೊಂದು ಹೋಂವರ್ಕ್ ಆಗುತ್ತದೆ. ದಿನಾ ಬರೆಯಲೇಬೇಕು ಅಂತಲೂ ಇಲ್ಲ. ಕ್ಯಾಲಿಫೋರ್ನಿಯಾದ ಸೋನ್ಯಾ ಲ್ಯೂಬೊಮಿರ್ಸ್ಕಿ ಮತ್ತು ಜೊತೆಯವರು ಆರು ವಾರ ನಡೆಸಿದ ಒಂದು ಪ್ರಯೋಗದಲ್ಲಿ, ತಮಗೆ ಸಿಕ್ಕ ಒಳ್ಳೆಯದನ್ನು ವಾರಕ್ಕೊಮ್ಮೆ ನೆನೆದು ಬರೆದವರಿಗೆ ಖುಷಿ ಹೆಚ್ಚಿತು. ವಾರಕ್ಕೆ ಮೂರು ಸಲ ಬರೆದವರಲ್ಲಿ ಹಾಗೆ ಕಾಣಲಿಲ್ಲ. ನಮಗೂ ವಾರಕ್ಕೊಮ್ಮೆಯೇ ಒಗ್ಗಿತು.

ವಾರದ ಪುಟದ ಏರ್ಪಾಡು ಬಹಳ ಸರಳ. ಎಡಗಡೆ ಹೆಸರು ಬರೆಯಲು ಜಾಗ, ಎದುರಿಗೆ ಎರಡು ಗೆರೆ. ಮೇಲೆ ಒಂದೇ ಸೂಚನೆ: ಈ ವಾರ ಇವರು ಮಾಡಿದ ಒಂದು ಒಳ್ಳೆ ಕೆಲಸ. ಒಬ್ಬರ ಬಗ್ಗೆ ಇನ್ನೊಬ್ಬರು ಬರೆಯಬೇಕು, ತನ್ನ ಬಗ್ಗೆ ತಾನು ಬರೆಯುವ ಹಾಗಿಲ್ಲ. ನಾವು ಅದಕ್ಕೆ ಇನ್ನೆರಡು ಕಟ್ಟುಪಾಡು ಸೇರಿಸಿದೆವು. ಕೆಲಸ ಏನು, ಯಾವ ದಿನ ಅಂತ ಇರಬೇಕು. "ಒಳ್ಳೆಯವಳು, ಜಾಣ" ಅಂತೆಲ್ಲ ಬರೆಯಬಾರದು. ಯಾರ ಬಗ್ಗೆ ಯಾರು ಬರೆಯುವುದು ಅನ್ನುವುದನ್ನು ಚೀಟಿ ಎತ್ತಿ ಗೊತ್ತು ಮಾಡುತ್ತೇವೆ. ಇಲ್ಲದಿದ್ದರೆ ಎಲ್ಲರೂ ಅವ್ವನ ಬಗ್ಗೆಯೇ ಬರೆಯುತ್ತಾರೆ.

ಭಾನುವಾರ ರಾತ್ರಿ ರೊಟ್ಟಿ ಉಂಡ ಮೇಲೆ ಪಡಸಾಲೆಯಲ್ಲಿ ಕೂರುತ್ತೇವೆ. ಅವ್ವನಿಗೆ ಬರೆಯಲು ಬರುವುದಿಲ್ಲ. ಅವಳು ಹೇಳುತ್ತಾಳೆ, ಮಗಳು ಬರೆಯುತ್ತಾಳೆ. ಒಂದು ಭಾನುವಾರ ಅವ್ವನ ಚೀಟಿಯಲ್ಲಿ ಸಣ್ಣ ಸೊಸೆಯ ಹೆಸರು ಬಂತು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳತೊಡಗಿದಳು: "ಬರಿ ಯವ್ವಾ. ಗುರುವಾರ ಮಧ್ಯಾಹ್ನ ನನ್ನ ಕಾಲಿಗೆ ಎಣ್ಣಿ ಹಚ್ಚಿ ತಿಕ್ಕಿದಳು. ನಾ ಕೇಳಿದ್ದಿಲ್ಲ. ತಾನ ಬಂದು ಕುಂತಳು." ಮಗಳು ಒಂದೊಂದೇ ಅಕ್ಷರ ಉಚ್ಚರಿಸುತ್ತಾ ಬರೆದಳು. ಎಣ್ಣಿ ಅಂತ ಬರೆಯಬೇಕೋ ಎಣ್ಣೆ ಅಂತಲೋ ಎಂದು ನನ್ನನ್ನು ಕೇಳಿದಳು. "ಆಯಿ ಹೇಳಿದಂಗ ಬರಿ" ಅಂದೆ. ತಮ್ಮನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. "ಅದೇನ್ ದೊಡ್ಡದ್ರಿ ಅತ್ತಿ, ಬಿಡ್ರಿ" ಅಂದಳು. "ದೊಡ್ಡದೋ ಸಣ್ಣದೋ, ನಾ ಬರಸಾಕತ್ತೀನಿ, ನೀ ಸುಮ್ನಿರು" ಅಂತ ಅವ್ವ ಗದರಿದಳು. ಮದುವೆಯಾಗಿ ಬಂದಾಗಿನಿಂದ ಅವ್ವ ಅವಳನ್ನು ಎಲ್ಲರೆದುರು ಹೀಗೆ ಹೊಗಳಿದ್ದನ್ನು ನಾನಂತೂ ಕೇಳಿರಲಿಲ್ಲ. ಮನಸ್ಸಿನಲ್ಲಿ ಇತ್ತು, ಹೇಳಲು ಒಂದು ನೆಪ ಬೇಕಿತ್ತು.

ನನ್ನ ಹೆಂಡತಿ, ಅವಳ ನೆಗೆಣ್ಣಿ ನಡುವೆ ರೊಟ್ಟಿ ಬಡಿಯುವ ಪಾಳಿ ಇದೆ. ಯಾರು ಎಷ್ಟು ಸಲ ಹೆಚ್ಚಿಗೆ ಬಡಿದರು ಅನ್ನುವ ಲೆಕ್ಕ ಇಬ್ಬರ ತಲೆಯಲ್ಲೂ ಇರುತ್ತಿತ್ತು. ನನ್ನ ಹೆಂಡತಿಗೆ ಜ್ವರ ಬಂದ ವಾರ ಪೂರ್ತಿ ಪಾಳಿ ನೆಗೆಣ್ಣಿಯೇ ಮಾಡಿದಳು. ಆ ಭಾನುವಾರ ಚೀಟಿ ಬೇರೆಯವರದು ಬಂದಿದ್ದರೂ ನನ್ನ ಹೆಂಡತಿ ಚೀಟಿ ಬದಲಿಸಿಕೊಂಡು ಅದನ್ನೇ ಬರೆದಳು. ಬರೆದ ಮೇಲೆ ಅದು ತಲೆಯಲ್ಲಿ ಇಟ್ಟುಕೊಳ್ಳುವ ಲೆಕ್ಕ ಆಗಿ ಉಳಿಯಲಿಲ್ಲ. ಈಗ ಹಬ್ಬದ ವಾರದಲ್ಲಿ, ಬ್ಲೌಸ್ ಆರ್ಡರ್ ಜಾಸ್ತಿ ಇದ್ದಾಗ, ಪಾಳಿ ತಾನಾಗಿ ಬದಲಾಗುತ್ತದೆ.

ಮಗನ ಬಗ್ಗೆ ತಮ್ಮ ಬರೆದ ಸಾಲು ನನಗೆ ಬಹಳ ಇಷ್ಟ. "ಶನಿವಾರ ಗಾಡಿ ತೊಳೆಯುವಾಗ ಕರೆಯದೇ ಬಂದು ಟಾರ್ಪಾಲ್ ಮಡಚಿದ. ಇಬ್ಬರು ಹಿಡಿದರೇನೇ ಆಗುವ ಕೆಲಸ ಅದು." "ನಾನು ಪ್ರೀತಿಪಾತ್ರ" ಅನ್ನುವ ಕಾರ್ಡನ್ನು ವಾಪಸ್ ಹಾಕಿದ ಹುಡುಗ ಈ ಸಾಲನ್ನು ಒಬ್ಬನೇ ಇದ್ದಾಗ ತೆಗೆದು ಓದುತ್ತಿದ್ದ. ಇದನ್ನು ಸುಳ್ಳು ಅನ್ನಲು ಬರುವುದಿಲ್ಲ ನೋಡಿ. ಟಾರ್ಪಾಲ್ ಮಡಚಿದ್ದು ನಿಜ, ಕಾಕಾ ನೋಡಿದ್ದು ನಿಜ.

ಗುಣಕ್ಕಿಂತ ಮಾಡಿದ ಕೆಲಸ ಎತ್ತಿ ಹೇಳುವುದರಲ್ಲಿ ಲಾಭ ಇದೆ ಎಂದು ಮಕ್ಕಳ ಓದಿನ ವಿಷಯದಲ್ಲೂ ತಿಳಿದುಬಂದಿದೆ. ಕ್ಲಾಡಿಯಾ ಮ್ಯುಲರ್, ಕ್ಯಾರಲ್ ಡ್ವೆಕ್ ಇಬ್ಬರೂ 1998ರಲ್ಲಿ ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳು ಹೆಸರುವಾಸಿ. "ನೀನು ಜಾಣ" ಎಂದು ಹೊಗಳಿಸಿಕೊಂಡ ಮಕ್ಕಳು ಮುಂದೆ ಕಷ್ಟದ ಪ್ರಶ್ನೆ ಬಂದು ಸೋತಾಗ ಬೇಗ ಕೈಚೆಲ್ಲಿದರು. "ಚೆನ್ನಾಗಿ ಕಷ್ಟಪಟ್ಟೆ" ಎಂದು ಹೊಗಳಿಸಿಕೊಂಡವರು ಬಿಡದೇ ಕೂತರು. ಒಳ್ಳೆತನಕ್ಕೂ ಇದನ್ನು ಹೊಂದಿಸಬಹುದು ಅನ್ನುವುದು ನನ್ನ ಅನಿಸಿಕೆ.

ಬರೆಯುವುದರಿಂದ ಬರೆದವರ ನಡತೆಯೂ ಬದಲಾಗುತ್ತದೆಯೇ? ರಾಬರ್ಟ್ ಎಮ್ಮನ್ಸ್, ಮೈಕಲ್ ಮೆಕಲಫ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಗುಂಪಿನವರು ತಮಗೆ ಸಿಕ್ಕ ಒಳ್ಳೆಯದನ್ನು ಬರೆದರು, ಇನ್ನೊಂದು ಗುಂಪಿನವರು ಕಿರಿಕಿರಿಗಳನ್ನು ಬರೆದರು. ಒಳ್ಳೆಯದನ್ನು ಬರೆದವರಿಗೆ ಬದುಕಿನ ಬಗ್ಗೆ ಸಮಾಧಾನ ಜಾಸ್ತಿ ಇತ್ತು. ಅದರಲ್ಲೇ ದಿನಾ ಬರೆಸಿದ ಒಂದು ಪ್ರಯೋಗದಲ್ಲಿ, ಇನ್ನೊಬ್ಬರ ಕಷ್ಟಕ್ಕೆ ಆಸರೆಯಾದೆವು ಎಂದು ಹೇಳಿದವರೂ ಆ ಗುಂಪಿನಲ್ಲೇ ಹೆಚ್ಚು. ನಮ್ಮ ಮನೆಯಲ್ಲಿ ನಾನು ಕಂಡದ್ದು ಇಷ್ಟು: ಭಾನುವಾರ ಬರೆಯಲು ಏನಾದರೂ ಬೇಕಲ್ಲ, ಹಾಗಾಗಿ ವಾರವಿಡೀ ಎಲ್ಲರೂ ಒಬ್ಬರನ್ನೊಬ್ಬರು ಗಮನಿಸುತ್ತಾರೆ. ಗಮನಿಸಿದರೆ ಅರ್ಧ ಕೆಲಸ ಆದಂತೆ.

ಸ್ಟಿಕ್ಕರ್ ಹಾಳೆಯಲ್ಲಿ ನಕ್ಷತ್ರಗಳಿವೆ. ಒಂದು ಒಳ್ಳೆ ಕೆಲಸಕ್ಕೆ ಒಂದು ನಕ್ಷತ್ರ, ಹತ್ತಾದರೆ ಉಡುಗೊರೆ ಕೊಡಿ ಅಂತ ಮಡಿಕೆ ಹಾಳೆ ಹೇಳುತ್ತದೆ. ಮಗಳು ಕೆಲವೇ ದಿನಗಳಲ್ಲಿ "ಆಯಿಗೆ ಚಪ್ಪಲಿ ತಂದುಕೊಟ್ಟೆ, ನಕ್ಷತ್ರ ಎಲ್ಲಿ?" ಅನ್ನತೊಡಗಿದಳು. ಮೊದಲೆಲ್ಲ ಕೇಳದೆಯೇ ತಂದುಕೊಡುತ್ತಿದ್ದ ಹುಡುಗಿ ಅವಳು. ಫೆಲಿಕ್ಸ್ ವಾರ್ನೆಕೆನ್, ಮೈಕಲ್ ಟೊಮಸೆಲ್ಲೊ 2008ರಲ್ಲಿ 20 ತಿಂಗಳ ಕೂಸುಗಳಲ್ಲೇ ಇದನ್ನು ತೋರಿಸಿದ್ದಾರೆ. ಸಹಾಯ ಮಾಡಿದ್ದಕ್ಕೆ ಆಟಿಕೆ ಕೊಟ್ಟ ಕೂಸುಗಳು ಆಮೇಲೆ ಸಹಾಯ ಮಾಡುವುದು ಕಡಿಮೆಯಾಯಿತು. ಏನೂ ಕೊಡದ ಕೂಸುಗಳು, ಬಾಯಿಮಾತಲ್ಲಿ ಮೆಚ್ಚಿಸಿಕೊಂಡ ಕೂಸುಗಳು ಮೊದಲಿನ ಹಾಗೇ ಓಡಿ ಬಂದು ಸಹಾಯ ಮಾಡಿದವು. ನಾವು ನಕ್ಷತ್ರಗಳನ್ನು ಮಗಳ ಕಂಪಾಸ್ ಬಾಕ್ಸಿಗೆ ಅಂಟಿಸಿಕೊಳ್ಳಲು ಕೊಟ್ಟುಬಿಟ್ಟೆವು.

ಅದೇ ಮಡಿಕೆ ಹಾಳೆಯಲ್ಲಿ ಒಂದು ಒಳ್ಳೆ ಸಲಹೆಯೂ ಇದೆ. ವಾರಕ್ಕೆ ಮೂರು ಒಳ್ಳೆ ಕೆಲಸ ಮಾಡಲು ಮಕ್ಕಳಿಗೆ ಹೇಳಿ, ಏನು ಮಾಡಬೇಕು ಅನ್ನುವುದನ್ನು ಅವರಿಗೇ ಬಿಡಿ. ಕೆನಡಾದ ವ್ಯಾಂಕೂವರ್‌ನ ಶಾಲೆಗಳಲ್ಲಿ ಸಂಶೋಧಕರು 9ರಿಂದ 11 ವರ್ಷದ ಮಕ್ಕಳಿಗೆ ನಾಲ್ಕು ವಾರ ಹೀಗೆಯೇ ಮಾಡಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಒಳ್ಳೆ ಕೆಲಸ ಮಾಡಿದ ಮಕ್ಕಳ ಜೊತೆ ಸೇರಲು ಇಷ್ಟಪಡುವ ಸಹಪಾಠಿಗಳು ಹೆಚ್ಚಾದರು. ಮಗ ಇದನ್ನು ಓದಿ ಯಾರಿಗೂ ಹೇಳದೆ ತರಗತಿಯಲ್ಲಿ ಏನೋ ಮಾಡಿದ್ದಾನೆ. ಮಾತು ಬಿಟ್ಟಿದ್ದ ಗೆಳೆಯರಲ್ಲಿ ಒಬ್ಬ ಈಗ ಮನೆಗೆ ಬರುತ್ತಾನೆ. ಏನು ಮಾಡಿದೆ ಅಂತ ನಾನು ಕೇಳಿಲ್ಲ.

ಡೈರಿಯಲ್ಲಿ ಇಲ್ಲದ, ಇರಲೇಬೇಕಾದ ಒಂದು ವಿಷಯ ಇದೆ. ಬೇಜಾರಿಗೆ ಜಾಗ. ಒಳ್ಳೆಯದನ್ನು ಮಾತ್ರ ಬರೆಯಿರಿ ಅನ್ನುತ್ತದೆ ಬಾಕ್ಸ್. ಹದಿನಾಲ್ಕರ ಹುಡುಗನಿಗೆ ಮನೆಯವರೆಲ್ಲ ಓದುವ ಪುಸ್ತಕದಲ್ಲಿ ಮನಸ್ಸಿನ ಮಾತು ಬರೆಯಲು ಆಗುತ್ತದೆಯೇ? ಅವನಿಗೆ ಬೇರೆ ನೋಟ್‌ಬುಕ್ ಕೊಟ್ಟಿದ್ದೇವೆ. ಅದನ್ನು ಯಾರೂ ತೆರೆಯುವುದಿಲ್ಲ, ನಾನೂ ಸಹ. ಮನಸ್ಸಿಗೆ ನೋವಾದ ವಿಷಯವನ್ನು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ಡಾಕ್ಟರ್ ಹತ್ತಿರ ಹೋಗುವುದು ಕಡಿಮೆಯಾಯಿತು ಎಂದು ಜೇಮ್ಸ್ ಪೆನ್ನೆಬೇಕರ್ 1986ರಲ್ಲೇ ತೋರಿಸಿದ್ದರು. ಮನೆಯೊಳಗಿನ ತಕರಾರುಗಳನ್ನು ನಾವು ಬಾಯಲ್ಲೇ ಮಾತಾಡಿ ಬಗೆಹರಿಸುತ್ತೇವೆ, ಭಾನುವಾರ ಮಾತ್ರ ಅಲ್ಲ. ತಕರಾರು ಹೇಳಲು ಜಾಗವೇ ಇಲ್ಲದ ಮನೆಯಲ್ಲಿ ವಾರದ ಪುಟ ಬರೀ ಮುಖಸ್ತುತಿ ಆಗಿಬಿಡುತ್ತದೆ.

ಇನ್ನೊಂದು ಮಾತನ್ನು ನೇರವಾಗಿ ಹೇಳುತ್ತೇನೆ. ಹೊಡೆತ, ಬೈಗಳ, ಕುಡಿತ ಇರುವ ಮನೆಗೆ ಈ ಬಾಕ್ಸ್ ಮದ್ದಲ್ಲ. ಹೊಡೆಸಿಕೊಳ್ಳುವವರಿಗೆ, ಹೊಡೆಯುವವನ ಬಗ್ಗೆ ಒಳ್ಳೆ ಮಾತು ಬರಿ ಅನ್ನುವುದು ಅನ್ಯಾಯ. ಅಲ್ಲಿ ಬೇಕಾದದ್ದು ಸಹಾಯವಾಣಿ: ಮಕ್ಕಳಿಗೆ 1098, ಹೆಣ್ಣುಮಕ್ಕಳಿಗೆ 181. ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನನ್ನ ಕಸುಬಿನ ಕಣ್ಣಿಂದ ಡೈರಿಯನ್ನು ನೋಡಿದರೆ, ಕಾಗದಕ್ಕೆ ದೂರಿಲ್ಲ. 70 ಜಿಎಸ್‌ಎಂ ಮ್ಯಾಪ್‌ಲಿಥೊ ಅನ್ನುವ ನಯವಾದ ಬಿಳಿ ಕಾಗದ, ಬಾಲ್ ಪೆನ್ನಿಗೆ ಸಾಕು, ಹಿಂದಿನ ಪುಟಕ್ಕೆ ಅಷ್ಟಾಗಿ ಕಾಣುವುದಿಲ್ಲ. ಗೆರೆ ತಿಳಿ ಬೂದು ಬಣ್ಣದ್ದು, ಕಣ್ಣಿಗೆ ಹಿತ. ದೂರು ಇರುವುದು ಬೈಂಡಿಂಗ್ ಮೇಲೆ. ಬೆನ್ನಿಗೆ ಬಿಸಿ ಅಂಟು ಹಾಕಿ ಹಾಳೆ ಕೂಡಿಸಿದ್ದಾರೆ, ಹೊಲಿಗೆ ಇಲ್ಲ. ಇಂಥ ಪುಸ್ತಕ ಓದಲು ಪರವಾಗಿಲ್ಲ, ಬರೆಯಲು ಬಾರದು. ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಒಂದು ಕೈಯಲ್ಲಿ ಒತ್ತಿ ಹಿಡಿದೇ ಬರೆಯಬೇಕು. ಅದರಲ್ಲೂ ವಾರದ ಪುಟ ಬಲಗಡೆಗೆ ಬರುತ್ತದೆ, ಹೆಸರಿನ ಜಾಗ ಬೆನ್ನಿಗೆ ಹತ್ತಿ ಕೂತಿದೆ. ಮಗಳ ಸಣ್ಣ ಕೈ ಆ ಮಡಿಕೆಯೊಳಗೆ ಹೋಗಿ ಬರೆಯಲು ಒದ್ದಾಡುತ್ತದೆ. ಒತ್ತಿ ಒತ್ತಿ ಸಂಕ್ರಾಂತಿ ಹೊತ್ತಿಗೆ ನಡುವಿನ ಹಾಳೆಗಳು ಕೈಗೇ ಬಂದವು. 144 ಪುಟ ಅಂದರೆ 16 ಪುಟದ ಒಂಬತ್ತು ಫಾರಂ (ದೊಡ್ಡ ಹಾಳೆ ಮಡಚಿ ಮಾಡಿದ ಕಟ್ಟು). ಅದನ್ನು ದಾರದಲ್ಲಿ ಹೊಲಿಯಲು ಪ್ರತಿಯೊಂದಕ್ಕೆ ಕೆಲವೇ ರೂಪಾಯಿ ಹೆಚ್ಚಿಗೆ ಬೀಳುತ್ತದೆ. 899 ರೂಪಾಯಿ ತಗೊಂಡು ಇಷ್ಟು ಉಳಿಸಬಾರದಿತ್ತು. ಬಾಕ್ಸಿನ ಮುಚ್ಚಳಕ್ಕೆ ಮ್ಯಾಗ್ನೆಟ್ ಹಾಕಿದ ದುಡ್ಡಿನಲ್ಲಿ ಹೊಲಿಗೆ ಹಾಕಿಸಬಹುದಿತ್ತು. ಹಾಳೆ ಬಿಚ್ಚಿದ ಫೋಟೋ ಕಳಿಸಿದ ಮೇಲೆ ಹೊಸ ಡೈರಿ ಕಳಿಸಿದರು, ಅದು ಮೆಚ್ಚಬೇಕಾದ್ದೇ. ಆದರೆ ಅದೂ ಅಂಟಿನದೇ. ಕಳಚಿದ ಹಳೆಯದನ್ನು ನಾನೇ ಪ್ರೆಸ್ಸಿಗೆ ಒಯ್ದು, ಬೆನ್ನಿನ ಹತ್ತಿರ ತೂತು ಹಾಕಿ ದಾರ ಹಾಕಿದೆ. ಅವ್ವ ಹೇಳಿ ಬರೆಸಿದ ಪುಟಗಳು ಅದರಲ್ಲಿವೆ.

ಯಾರು ತರಬಹುದು? ಆರೇಳು ವರ್ಷ ದಾಟಿದ ಮಕ್ಕಳಿದ್ದು, ಇಂಥದ್ದನ್ನು ಎಲ್ಲಿಂದ ಶುರು ಮಾಡಬೇಕು ಎಂದು ತೋಚದಿರುವವರು ತರಬಹುದು. ಬಣ್ಣದ ಬಾಕ್ಸ್ ಕಂಡರೆ ಮಕ್ಕಳು ತಾವಾಗಿ ಬಂದು ಕೂರುತ್ತಾರೆ, ಆ ಅನುಕೂಲ ಇದೆ. ದೊಡ್ಡವರು ಮೊದಲು ಬರೆಯಬೇಕು, ಇದು ಮುಖ್ಯ. ನಾನು, ನನ್ನ ತಮ್ಮ ಬರೆದು ತೋರಿಸಿದ ಮೇಲೆಯೇ ಮಗ ಪೆನ್ ಹಿಡಿದದ್ದು. ಮಕ್ಕಳು ಬರೆದದ್ದರಲ್ಲಿ ಒತ್ತಕ್ಷರ ತಿದ್ದಲು ಹೋಗಬೇಡಿ, ಅಕ್ಷರ ಚೆನ್ನಾಗಿಲ್ಲ ಅನ್ನಬೇಡಿ. ಮನೆಯಲ್ಲಿ ಬರೆಯಲು ಬಾರದವರಿದ್ದರೆ ಅವರನ್ನು ಬಿಡಬೇಡಿ, ಮಕ್ಕಳ ಕೈಲಿ ಬರೆಸಿ.

ಹುಬ್ಬಳ್ಳಿಯಲ್ಲಿರುವ ನಮ್ಮಕ್ಕ ಯುಗಾದಿಗೆ ಬಂದಾಗ ಡೈರಿ ತಿರುವಿ ನೋಡಿ, ತನಗೂ ಒಂದು ತರಿಸಿಕೊಡು ಅಂದಳು. ಅವಳ ಮನೆಯಲ್ಲಿ ಅವಳು, ಭಾವ, ಕಾಲೇಜು ಓದುವ ಮಗಳು, ಮೂರೇ ಮಂದಿ. ಅಷ್ಟಕ್ಕೆ ಈ ಬಾಕ್ಸ್ ಬೇಡ ಅಂದೆ. ಒಂದು 200 ಪುಟದ ಲಾಂಗ್ ಬುಕ್ ತಗೊಂಡು, ಎಡಗಡೆ ಮೂರು ಬೆರಳಗಲ ಮಾರ್ಜಿನ್ ಹಾಕಿ ಹೆಸರು ಬರಿ, ಎದುರಿಗೆ ಎರಡೆರಡು ಗೆರೆ ಬಿಡು, ಬೇಕಿದ್ದರೆ ಕಾರ್ಡಿಗೆ ಐವರಿ ಬೋರ್ಡ್ ನಾನು ಕೊಡುತ್ತೇನೆ ಅಂದೆ. ಹೊಲಿಗೆ ಇರುವುದನ್ನೇ ನೋಡಿ ತಗೋ, ನಡುವಿನ ಪುಟ ಬಿಚ್ಚಿದರೆ ದಾರ ಕಾಣಬೇಕು ಅಂತಲೂ ಹೇಳಿದೆ. ಮೊನ್ನೆ ಫೋನ್ ಮಾಡಿದ್ದಳು. ಪುಸ್ತಕ ತಂದಾಗಿದೆ, ಮೊದಲ ವಾರ ಭಾವ ಬರೆದಿದ್ದಾರೆ, ಏನು ಬರೆದಿದ್ದಾರೆ ಅಂತ ಮಾತ್ರ ಹೇಳಲಿಲ್ಲ.